ಕರೆಯದೇ ಬಂದವರ ನಾಟಕ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಇಪ್ಪತ್ತು ವರ್ಷಗಳಿಂದ ನಾಟಕದವರಿಗೆ ಕರಪತ್ರ, ಟಿಕೆಟ್ಟು, ಪೋಸ್ಟರು ಅಚ್ಚು ಹಾಕಿಕೊಟ್ಟವನು ನಾನು. ಅವರ ಕಾಗುಣಿತ ತಿದ್ದಿದ್ದೇನೆ. ಬಾಕಿ ವಸೂಲಿಗೆ ಅಲೆದಿದ್ದೇನೆ. ಆದರೆ ಆ ನಾಟಕಗಳನ್ನು ಕೂತು ನೋಡಿದ್ದು ಬೆರಳೆಣಿಕೆಯಷ್ಟು! ನವೆಂಬರ್ ಬಂದರೆ ಬಾವುಟ ಹಿಡಿದು ಸರ್ಕಲ್ಲಿನಲ್ಲಿ ಗಂಟಲು ಹರಿದುಕೊಳ್ಳುವ ನನ್ನ ಕಥೆಯೇ ಹೀಗಿರುವಾಗ, ನಿಮ್ಮನ್ನು ಯಾವ ಬಾಯಿಂದ ಬೈಯಲಿ?

ಮೊನ್ನೆ ಒಬ್ಬ ಹುಡುಗ ಪ್ರೆಸ್ಸಿಗೆ ಬಂದ. ಐನೂರು ಕರಪತ್ರ ಬೇಕು, ಕೈಯಲ್ಲಿರುವುದು ಅರ್ಧ ದುಡ್ಡು. "ಅಣ್ಣಾ, ಉಳಿದಿದ್ದಕ್ಕೆ ಎರಡು ದಿನದ ಪಾಸು ಕೊಡ್ತೀನಿ. ನೀವೇ ಬಂದು ನೋಡಿ" ಅಂದ. ದೊಡ್ಡ ಉತ್ಸವಗಳಲ್ಲಿ ಜಾಗ ಸಿಗದ ಸಣ್ಣಪುಟ್ಟ ತಂಡಗಳು ಸೇರಿ ನಡೆಸುವ ಕಿರುನಾಟಕಗಳ ಹಬ್ಬವಂತೆ. ಫ್ರಿಂಜ್ ಎಂದು ಕರೆದುಕೊಂಡಿದ್ದರು. ಫ್ರಿಂಜ್ ಅಂದರೆ ಅಂಚು, ಸೆರಗಿನ ತುದಿಯ ಕುಚ್ಚು. ಬಾಕಿ ಹೇಗೂ ಬರುವುದಿಲ್ಲ ಅಂತ ಪಾಸನ್ನೇ ಜೇಬಿಗೆ ಹಾಕಿಕೊಂಡೆ.

ಈ ಹೆಸರು ಹುಟ್ಟಿದ ಕಥೆ ನಿಮಗೆ ತಿಳಿದಿರಬೇಕು. ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಭಾರೀ ಅಂತಾರಾಷ್ಟ್ರೀಯ ಕಲಾ ಉತ್ಸವ ಶುರುವಾಯಿತು. ಆಹ್ವಾನವೇ ಇಲ್ಲದ 8 ತಂಡಗಳು ಅದೇ ಹೊತ್ತಿಗೆ ಬಂದು, ಸಿಕ್ಕ ಜಾಗದಲ್ಲಿ ತಮ್ಮ ನಾಟಕ ಆಡಿಯೇಬಿಟ್ಟವು. ಮರುವರ್ಷ ರಾಬರ್ಟ್ ಕೆಂಪ್ ಎಂಬ ನಾಟಕಕಾರ ಪತ್ರಿಕೆಯಲ್ಲಿ ಬರೆಯುತ್ತಾ ಉತ್ಸವದ 'ಅಂಚಿನಲ್ಲಿ' ನಡೆಯುವ ನಾಟಕಗಳ ಮಾತೆತ್ತಿದ. ಹೆಸರು ಅಂಟಿಕೊಂಡಿತು. ಇವತ್ತು ಆ ಅಂಚೇ ಮೂಲ ಉತ್ಸವಕ್ಕಿಂತ ದೊಡ್ಡದು. ಈಚಿನ ವರ್ಷಗಳಲ್ಲಿ ಆಗಸ್ಟ್ ಬಂದರೆ ಅಲ್ಲಿ 3,000ಕ್ಕೂ ಹೆಚ್ಚು ಪ್ರದರ್ಶನ! ಆಯ್ಕೆ ಸಮಿತಿ ಇಲ್ಲ, ಶಿಫಾರಸು ಇಲ್ಲ. ಜಾಗ ಹೊಂದಿಸಿಕೊಂಡವರು ಆಡಬಹುದು. ಬಾರಿನ ಮಹಡಿ, ಚರ್ಚಿನ ಹಾಲು ಎಲ್ಲವೂ ರಂಗವೇ. ಕಲಾವಿದರೇ ಬೀದಿಯಲ್ಲಿ ನಿಂತು ಕರಪತ್ರ ಹಂಚುತ್ತಾರೆ. ಪ್ರೆಸ್ಸಿನವನಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೇ?

ನಮ್ಮ ಹುಡುಗರ ಹಬ್ಬ ನಡೆದದ್ದು ಬೆಂಗಳೂರಿನ ಒಂದು ಹಳೇ ಕಟ್ಟಡದಲ್ಲಿ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಾಟಕ. ಅರವತ್ತು ಪ್ಲಾಸ್ಟಿಕ್ ಕುರ್ಚಿ, ನಾಲ್ಕು ಲೈಟು. ಪರದೆಯೂ ಇಲ್ಲ.

ಮೊದಲನೆಯದು ಒಬ್ಬಳೇ ಹುಡುಗಿಯ ನಾಟಕ. ಒಂದು ಸ್ಟೂಲು, ಒಂದು ಗಂಟು ಬಟ್ಟೆ, ಅಷ್ಟೇ ಸಾಮಾನು. ವಸ್ತು ಏನು ಗೊತ್ತೇ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರಲ್ಲ, ಆ ಎರಡು ದಿನ. ದೊಡ್ಡ ನಾಯಕರ ಕರೆಗೆ ಅವರು ಕಾಯಲಿಲ್ಲ. ಸರ್ಕಾರ ನಿಯಮ ವಾಪಸು ಪಡೆಯಿತು. ಈ ಹುಡುಗಿ ಘೋಷಣೆ ಕೂಗಲಿಲ್ಲ. ಬೆಳಗಿನ ಬಸ್ಸು, ಸೂಪರ್‌ವೈಸರನ ಬೈಗುಳ, ಮಗಳ ಫೀಸಿಗೆ ನಂಬಿಕೊಂಡಿದ್ದ ಪಿಎಫ್ ದುಡ್ಡು ಇವನ್ನೇ ಮಂಡ್ಯ ಕಡೆಯ ಮಾತಿನಲ್ಲಿ ಹೇಳುತ್ತಾ ಹೋದಳು. ಕೆಳಗಿನ ಗಿರಣಿಯ ಸದ್ದು ಫ್ಯಾಕ್ಟರಿ ಸದ್ದಿನ ಹಾಗೇ ಕೇಳಿಸುತ್ತಿತ್ತು. ನನ್ನ ಬೈಂಡಿಂಗ್ ವಿಭಾಗದ ಹೆಂಗಸರ ಸಂಬಳದ ಪುಸ್ತಕ ನೆನಪಾಗಿ, ಕೂತಲ್ಲೇ ಬೆವತೆ.

ಎರಡನೆಯದು ಲಿಫ್ಟಿನೊಳಗೆ ಸಿಕ್ಕಿಕೊಂಡ ಇಬ್ಬರದು. ರಾಯಚೂರಿನ ಡೆಲಿವರಿ ಹುಡುಗ, ಚಾಮರಾಜನಗರದ ಸೆಕ್ಯೂರಿಟಿ. ಒಬ್ಬ 'ಲಗೂ' ಅಂದರೆ ಇನ್ನೊಬ್ಬ 'ಬಿರ್ನೆ' ಅನ್ನುತ್ತಾನೆ. ಮೊದಲು ಹೊರಗಿನವರಿಗಾಗಿ ಕಲಿತ ಹರಕು ಹಿಂದಿಯಲ್ಲೇ ಜಗಳ! ಇಬ್ಬರೂ ಕನ್ನಡದವರೇ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ನಾಟಕ ಮುಗಿದಿತ್ತು. ಬಿದ್ದು ಬಿದ್ದು ನಕ್ಕೆವು. ಆಮೇಲೆ ನಾಚಿಕೆಯಾಯಿತು. ದಿನಾ ಬಾಗಿಲಿಗೆ ಬರುವ ಎಷ್ಟು ಹುಡುಗರನ್ನು ನಾವು ಕನ್ನಡದಲ್ಲಿ ಮಾತಾಡಿಸಿದ್ದೇವೆ ಸ್ವಾಮಿ?

ಮೂರನೆಯದು ಸುಳ್ಳು ಹೇಳದೆ ಹೇಳುತ್ತೇನೆ, ಸೋತಿತು. ನಟ ಸುಮ್ಮನೆ ಕಿರುಚಿದ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ಇಳಿಸಿದ ಮಾತು. ನಾಲಿಗೆಯ ಮೇಲೆ ಕಲ್ಲು ಸಿಕ್ಕ ಹಾಗೆ. ಕನ್ನಡ ಎಂಬ ಒಂದೇ ಕಾರಣಕ್ಕೆ ಕೆಟ್ಟ ನಾಟಕಕ್ಕೆ ಚಪ್ಪಾಳೆ ತಟ್ಟಬೇಕಿಲ್ಲ. ಹೊರಗೆ ಬಂದು ಆ ನಟನಿಗೇ ಹೇಳಿದೆ. ಅವನು ಬೇಜಾರಾಗಲಿಲ್ಲ. "ಹೇಳೋಕೂ ಯಾರೂ ಬರಲ್ಲ ಸಾರ್" ಅಂದ.

ಆ ಮಾತು ಚುಚ್ಚಿತು. ಯಾಕೆಂದರೆ ಗಾರ್ಮೆಂಟ್ಸಿನ ನಾಟಕಕ್ಕೆ ಇದ್ದವರು ಹನ್ನೊಂದು ಜನ. ನನ್ನನ್ನೂ ಸೇರಿಸಿ! ಅದೇ ಮಹಡಿಯಲ್ಲಿ, ಅದೇ ಸಂಜೆ, ಇಂಗ್ಲಿಷ್ ನಾಟಕಕ್ಕೆ ಕುರ್ಚಿ ಸಾಲದೆ ನೆಲದ ಮೇಲೆ ಕೂತಿದ್ದರು. ಅವರನ್ನು ದೂರುವುದಿಲ್ಲ. ಅವರು ತಮ್ಮ ಗೆಳೆಯರ ನಾಟಕಕ್ಕೆ ಬಂದರು. ನಮ್ಮವರು ಎಲ್ಲಿ ಹೋಗಿದ್ದರು?

ಅಂಚಿನಲ್ಲಿ ನಿಂತು ಆಡುವುದು ನಮಗೆ ಹೊಸದಲ್ಲ. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ನಾಟಕ ಆಡಿಸಿದಾಗ ಕನ್ನಡ ರಂಗಭೂಮಿಯ ದಿಕ್ಕೇ ಬದಲಾಯಿತು. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬಸ್ ಸ್ಟ್ಯಾಂಡು, ಸಂತೆ, ಫ್ಯಾಕ್ಟರಿ ಗೇಟಿನ ಮುಂದೆ ಬೀದಿನಾಟಕ ಆಡಿತು. ಕಾರ್ಡು ಕೊಟ್ಟು ಕರೆಯಲಿ ಅಂತ ಕಾದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅವರಿಗೆ ಜನ ಇದ್ದರು. ಸುತ್ತ ನಿಂತು ನೋಡುವ ಜನ. ಈ ಹುಡುಗರಿಗೆ ಇಲ್ಲದಿರುವುದು ಅದೊಂದೇ.

ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಾಯಿತು. ಬೀದಿಗಿಳಿದು ಹೋರಾಡಿದ್ದಕ್ಕೇ ಆಯಿತು. ಆ ಹೋರಾಟ ಬೇಕು, ಇನ್ನೂ ಬೇಕು. ಆದರೆ ಅರವತ್ತು ಕುರ್ಚಿಯ ಕೋಣೆಯಲ್ಲಿ ಕನ್ನಡ ನಾಟಕ ನಡೆಯುವಾಗ ಶೇಕಡಾ 60ರಷ್ಟು ಕುರ್ಚಿ ತುಂಬಬೇಕೆಂಬ ಕಾನೂನನ್ನು ಯಾವ ಸರ್ಕಾರ ತರಬೇಕು? ಬೋರ್ಡಿನ ಮೇಲಿನ ಕನ್ನಡ ಕಣ್ಣಿಗೆ ಕಾಣುತ್ತದೆ. ಬಾಯಲ್ಲಿ, ಕಿವಿಯಲ್ಲಿ ಇರಬೇಕಾದ ಕನ್ನಡಕ್ಕೆ ಕಾವಲು ಯಾರು? ನೀವೇ. ಇನ್ಯಾರೂ ಬರುವುದಿಲ್ಲ.

ಕೊನೆಯ ದಿನ ಡಬ್ಬದಲ್ಲಿ ಬಿದ್ದ ದುಡ್ಡು ಹಾಲಿನ ಬಾಡಿಗೆಗೆ ಅರ್ಧವೂ ಆಗಲಿಲ್ಲ. ಮುಂದಿನ ವರ್ಷ ಈ ಹಬ್ಬ ಇರುತ್ತದೋ ಇಲ್ಲವೋ ಎಂಬ ಮಾತು ಮೆಟ್ಟಿಲ ಮೇಲೇ ನಡೆಯುತ್ತಿತ್ತು. ನನಗೆ ಬರಬೇಕಾದ ಬಾಕಿ ಕೇಳಲು ಬಾಯಿ ಬರಲಿಲ್ಲ.

ಗೆಳೆಯರೇ, ಈ ತಿಂಗಳು ಒಂದು ಕೆಲಸ ಮಾಡಿ. ನಿಮ್ಮ ಹತ್ತಿರದ ಯಾವುದಾದರೂ ಸಣ್ಣ ಕೋಣೆಯಲ್ಲಿ ನಡೆಯುವ ಒಂದು ಕನ್ನಡ ನಾಟಕಕ್ಕೆ ಹೋಗಿ. ಪಾಸು ಕೇಳಬೇಡಿ, ಟಿಕೆಟ್ ಕೊಳ್ಳಿ. ಇಬ್ಬರು ಗೆಳೆಯರನ್ನು ಎಳೆದುಕೊಂಡು ಹೋಗಿ. ಚೆನ್ನಾಗಿದ್ದರೆ ಹತ್ತು ಜನಕ್ಕೆ ಹೇಳಿ. ಚೆನ್ನಾಗಿಲ್ಲದಿದ್ದರೆ ಆಡಿದವರಿಗೇ ಹೇಳಿ. ಯಾರೂ ನಿಮ್ಮನ್ನು ಕರೆಯಲಿಲ್ಲ ಅನ್ನಬೇಡಿ. ಅವರನ್ನೂ ಯಾರೂ ಕರೆದಿರಲಿಲ್ಲ!

ನನ್ನ ಪಾಲಿನದು ಇಷ್ಟು. ಕನ್ನಡದ ಕಿರುನಾಟಕಕ್ಕೆ ಕರಪತ್ರ ಬೇಕಾದವರು ಪ್ರೆಸ್ಸಿಗೆ ಬನ್ನಿ. ಕಾಗದದ ದುಡ್ಡು ಕೊಡಿ, ಅಚ್ಚಿನ ಕೂಲಿ ಬೇಡ. ಕಾಗುಣಿತ ತಿದ್ದಿಕೊಡುತ್ತೇನೆ. ಈ ಸಲ ನಾಟಕವನ್ನೂ ನೋಡುತ್ತೇನೆ, ಟಿಕೆಟ್ ಕೊಂಡು.