ಎಲ್ಲರಿಗೂ ಎಟುಕಬೇಕಾದ ಯಂತ್ರ



ಮೊಬೈಲ್ ಫೋನಿನ ಮಾತೆತ್ತಿದೊಡನೆ ಹಿರಿಯರು ಹುಬ್ಬುಗಂಟಿಕ್ಕುವರು; ಕಿರಿಯರ ಮುಖ ಅರಳುವುದು. ಅದು ಕಾಲಹರಣದ ಸಾಧನವೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಯಾವುದೇ ಉಪಕರಣದ ಯೋಗ್ಯತೆಯನ್ನು ಅದರ ದುರುಪಯೋಗದಿಂದಲೇ ಅಳೆಯುವುದು ನ್ಯಾಯವಲ್ಲ. ನಮ್ಮಲ್ಲಿ ಹಲವರಿಗೆ ಆಟಿಕೆಯಾಗಿರುವ ಈ ವಸ್ತುವು ದೃಷ್ಟಿಹೀನರಿಗೆ ಓದಿ ಹೇಳುವ ಗೆಳೆಯನಾಗಿ, ಕಿವಿ ಕೇಳದವರಿಗೆ ಮಾತನ್ನು ಬರೆದು ತೋರಿಸುವ ಲಿಪಿಕಾರನಾಗಿ ಒದಗುತ್ತಿದೆ. ಈ ಗುಣವನ್ನು ಅರಿತು, ಕನ್ನಡಕ್ಕೂ ಅದನ್ನು ದೊರಕಿಸಿಕೊಂಡು, ಯಂತ್ರವನ್ನು ಜೋಪಾನವಾಗಿ ಕಾಪಾಡುವುದು ನಮ್ಮ ಕರ್ತವ್ಯವೆಂಬುದೇ ನನ್ನ ಅಭಿಪ್ರಾಯ.

ಅಂಧರ ವಿದ್ಯಾಭ್ಯಾಸವು ಕನ್ನಡನಾಡಿಗೆ ಹೊಸ ವಿಷಯವಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಬಾಲಕರಿಗೆ ಅನ್ನ, ಆಶ್ರಯ, ಸಂಗೀತವಿದ್ಯೆಗಳನ್ನಿತ್ತು ಅವರನ್ನು ಸ್ವಾವಲಂಬಿಗಳನ್ನಾಗಿ ಮಾಡಿದರು. ಆ ಕಾಲದಲ್ಲಿ ಕಿವಿಯೂ ಬೆರಳೂ ಜ್ಞಾನದ ಬಾಗಿಲುಗಳಾಗಿದ್ದವು. 2009ರಲ್ಲಿ ಐಫೋನಿಗೆ ‘ವಾಯ್ಸ್‌ಓವರ್’, ಆಂಡ್ರಾಯ್ಡ್ ಫೋನಿಗೆ ‘ಟಾಕ್‌ಬ್ಯಾಕ್’ ಎಂಬ ಸೌಲಭ್ಯಗಳು ಬಂದ ಮೇಲೆ ನಯವಾದ ಗಾಜಿನ ಪರದೆಯೂ ಅಂತಹ ಬಾಗಿಲಾಯಿತು. ಆಂಡ್ರಾಯ್ಡ್ ಫೋನನ್ನು ಅಂಧರಿಗೆ ಒಗ್ಗಿಸುವ ಕಾರ್ಯದಲ್ಲಿ ದುಡಿದವರಲ್ಲಿ ಟಿ. ವಿ. ರಾಮನ್ ಪ್ರಮುಖರು. ಪುಣೆಯಲ್ಲಿ ಜನಿಸಿದ ಅವರು 14ನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡವರೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಟಾಕ್‌ಬ್ಯಾಕ್ ಕೆಲಸ ಮಾಡುವ ರೀತಿ ಸರಳವಾದುದು. ಪರದೆಯನ್ನು ಒಮ್ಮೆ ಮುಟ್ಟಿದರೆ ಅಲ್ಲಿರುವುದನ್ನು ಫೋನು ಓದಿ ಹೇಳುವುದು. ಎರಡು ಬಾರಿ ತಟ್ಟಿದರೆ ಹೇಳಿದ ಕೆಲಸವನ್ನು ಮಾಡುವುದು. ಇದು ಕನ್ನಡವನ್ನೂ ಓದಬಲ್ಲದು. ಅಕ್ಷರಗಳನ್ನು ಹಿಗ್ಗಿಸುವ ಏರ್ಪಾಟೂ ಉಂಟು. ಇವುಗಳ ಪ್ರಯೋಜನ ಅಂಧರಿಗೆ ಮಾತ್ರವೇ ಅಲ್ಲ. ಬೀದರ, ಕಲಬುರಗಿ, ರಾಯಚೂರುಗಳಿಂದ ಈ ನಗರಕ್ಕೆ ಬಂದು ನೆಲೆಸಿದ ಎಷ್ಟೋ ಮನೆಗಳಲ್ಲಿ ಕಣ್ಣು ಮಂಜಾದ ಅಜ್ಜ ಅಜ್ಜಿಯರಿದ್ದಾರೆ. ಪಿಂಚಣಿ ಬಂದಿತೋ ಇಲ್ಲವೋ ಎಂಬ ಸಂದೇಶವನ್ನೂ ಅವರು ಪರರ ಕೈಗೆ ಕೊಟ್ಟು ಓದಿಸಿಕೊಳ್ಳಬೇಕು. ತನ್ನ ಹಣದ ಗುಟ್ಟನ್ನು ತಾನೇ ಇಟ್ಟುಕೊಳ್ಳಲಾರದ ಸ್ಥಿತಿಗಿಂತ ದೈನ್ಯವು ಮತ್ತೊಂದುಂಟೇ?

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮಾಹಿತಿಯು ಎಲ್ಲರಿಗೂ ನಿಲುಕುವಂತಿರಬೇಕೆಂದು ವಿಧಿಸಿದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಅಡಕವಾದ ಹಕ್ಕೆಂದು ತೀರ್ಪಿತ್ತಿತು. ಹೀಗಿದ್ದರೂ ನಾವೇ ಒಡ್ಡುವ ಅಡ್ಡಿಗಳು ಕೆಲವಿವೆ. ಕನ್ನಡ ಪ್ರಕಟಣೆಗಳನ್ನು ಚಿತ್ರವಾಗಿ ತೆಗೆದು ಕಳುಹಿಸುವುದು ಎಲ್ಲೆಡೆಯೂ ರೂಢಿಯಾಗಿದೆ. ಚಿತ್ರದೊಳಗಿನ ಅಕ್ಷರವು ಕಣ್ಣಿಗೆ ಸೊಗಸು. ಓದುವ ಯಂತ್ರಕ್ಕೆ ಹಲವೊಮ್ಮೆ ಅದು ಬರಿಯ ಚಿತ್ರ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದುದನ್ನಂತೂ ಅದು ಅರ್ಥವಿಲ್ಲದ ಗೊಣಗಾಟವನ್ನಾಗಿ ಮಾಡುವುದು. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಕಳುಹಿಸುವುದಕ್ಕೆ ಕಾಸು ಖರ್ಚಿಲ್ಲ. ಮನಸ್ಸು ಬೇಕು, ಅಷ್ಟೆ.

ಇನ್ನು ಯಂತ್ರದ ರಕ್ಷಣೆ. ದಖ್ಖನ್ ಪ್ರಸ್ಥಭೂಮಿಯ ಚಳಿಗಾಲದ ಒಣಹವೆಯಲ್ಲಿ ನೈಲಾನ್ ಅಂಗಿಯನ್ನು ಕಳಚುವಾಗ ಚಟಚಟ ಸದ್ದಾಗುವುದನ್ನೂ, ತಲೆ ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದನ್ನೂ ನೀವು ಕಂಡಿದ್ದೀರಷ್ಟೆ. ಇದೇ ಸ್ಥಾಯೀ ವಿದ್ಯುತ್ತು. ಅದರ ಕಿಡಿ ನಮ್ಮ ಬೆರಳಿಗೆ ಚುರುಕೆನ್ನಬೇಕಾದರೆ ಸುಮಾರು 3000 ವೋಲ್ಟು ಬೇಕು. ಆದರೆ ಕೆಲವು ಸೂಕ್ಷ್ಮ ಬಿಡಿಭಾಗಗಳು 100 ವೋಲ್ಟಿಗೂ ಕಡಮೆಯಲ್ಲಿ ಕೆಡಬಲ್ಲವು. ಅರ್ಥಾತ್, ನಮಗೆ ತಿಳಿಯದಂತೆಯೇ ಹಾನಿ ನಡೆದಿರಬಹುದು. ಕೆಲವೊಮ್ಮೆ ಅದು ಬಹುದಿನಗಳ ಮೇಲೆ ಪ್ರಕಟವಾಗುವುದೂ ಉಂಟು. ಮುಚ್ಚಿದ ಫೋನಿನೊಳಗೆ ರಕ್ಷಣೆಯ ಏರ್ಪಾಟಿರುವುದರಿಂದ ನಿತ್ಯದ ಬಳಕೆಯಲ್ಲಿ ಭಯಪಡಬೇಕಾಗಿಲ್ಲ. ಅಪಾಯವಿರುವುದು ಅದನ್ನು ಬಿಚ್ಚಿದಾಗ. ಬಲ್ಲ ರಿಪೇರಿಗಾರನು ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅದನ್ನು ಭೂಮಿಗೆ ಜೋಡಿಸಿಕೊಂಡು ಕೆಲಸಕ್ಕೆ ಕೂಡುವನು. ವಿಡಿಯೋ ನೋಡಿ ಉಣ್ಣೆಯ ಕಂಬಳಿಯ ಮೇಲೆ ಫೋನು ಬಿಚ್ಚುವ ಸಾಹಸ ಬೇಡ. ಮೆಮೊರಿ ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಅದರ ಲೋಹದ ಗೆರೆಗಳನ್ನು ಮುಟ್ಟದಿರಿ. ಫೋನು ಕೆಟ್ಟರೆ ನಮಗೆ ಒಂದು ದಿನದ ಬೇಸರ. ಅದರಿಂದಲೇ ಓದುವವನಿಗಾದರೋ ಪುಸ್ತಕ, ಪತ್ರಿಕೆ, ಬ್ಯಾಂಕು ಎಲ್ಲವೂ ಒಮ್ಮೆಗೇ ಮುಚ್ಚಿದಂತೆ.

ಆದುದರಿಂದ ಮಿತ್ರರೇ, ಈ ವರ್ಷ ನಿಮ್ಮಲ್ಲಿ ಪ್ರತಿಯೊಬ್ಬರೂ ಈ ಸೌಲಭ್ಯಗಳಲ್ಲಿ ಒಂದನ್ನಾದರೂ ಕಲಿತು, ಮನೆಯ ಅಥವಾ ನೆರೆಯ ಒಬ್ಬ ಹಿರಿಯರಿಗೆ ಕನ್ನಡದಲ್ಲಿ ಅದನ್ನು ಹೊಂದಿಸಿಕೊಡಿರಿ. ಅವರಿಗೆ ಅಭ್ಯಾಸವಾಗುವವರೆಗೆ ಸಹನೆಯಿಂದ ಜೊತೆಗೆ ಕುಳಿತಿರಿ. ಶಾಲೆಯ ಪ್ರಕಟಣೆಗಳನ್ನು ಓದುವ ಯಂತ್ರಕ್ಕೆ ನಿಲುಕುವ ಅಕ್ಷರಗಳಲ್ಲೇ ಕಳುಹಿಸುವ ಹೊಣೆ ಅಧ್ಯಾಪಕರಾದ ನಮ್ಮದಾಗಲಿ. ಪರನಾಡಿನಲ್ಲಿ ಕನ್ನಡವನ್ನು ಉಳಿಸಬೇಕೆಂದು ಸಭೆಗಳಲ್ಲಿ ಹೇಳುತ್ತೇವೆ. ಕಣ್ಣು ಮಂಜಾದ ಕನ್ನಡಿಗನೊಬ್ಬನು ತನ್ನ ನುಡಿಯಲ್ಲಿ ತನ್ನ ಪತ್ರವನ್ನು ತಾನೇ ಕೇಳಿಕೊಳ್ಳುವಂತಾದರೆ ಆ ಮಾತು ಅಷ್ಟರಮಟ್ಟಿಗೆ ನಿಜವಾದೀತು.