ಪಾಲಿಕಿ ಬಜೆಟ್ಟಿನಾಗ ನಮ್ಮ ಗಟಾರದ ನಂಬರ್ ಎಷ್ಟನೇದು?

ಹೋದ ಸಲ ಶೇಂಗಾ ಹೋಳಿಗಿ ಬಗ್ಗೆ ಬರದಾಗ ಭಾಳ ಮಂದಿ ಓದಿದ್ರಿ. ಈ ಸಲ ಹೋಳಿಗಿ ಇಲ್ಲ, ಬಜೆಟ್ ಅದ. "ಬಜೆಟ್ ಗಿಜೆಟ್ ನಮಗ್ಯಾಕ, ಅದು ಗಂಡಸರು ಪೇಪರ್ ಹಿಡಕೊಂಡು ಮಾತಾಡೂ ವಿಷಯ" ಅಂತ ಮುಂದ ಹೋಗಬ್ಯಾಡ್ರಿ. ನಾನು ದಿಲ್ಲಿ ಬಜೆಟ್ ಬಗ್ಗೆ ಹೇಳ್ತಿಲ್ಲ. ನಮ್ಮ ಓಣಿ ಗಟಾರ ಬಳಿಬೇಕೋ ಬ್ಯಾಡೋ, ಕಂಬದ ದೀಪ ಹತ್ತಬೇಕೋ ಬ್ಯಾಡೋ, ಮಾರ್ಕೆಟ್ಟಿನಾಗ ಹೆಣ್ಣುಮಕ್ಕಳಿಗೆ ಸಂಡಾಸ ಇರಬೇಕೋ ಬ್ಯಾಡೋ ಅಂತ ಠರಾವು ಮಾಡೂ ಬಜೆಟ್ ಒಂದದ. ಅದು ಪಾಲಿಕಿ ಬಜೆಟ್.

ನಾನು ಹೇಳೂದು ಇಷ್ಟ. ಊರಿನ ರೊಕ್ಕದಾಗ ಯಾವ ಕೆಲಸಕ್ಕ ಮೊದಲನೇ ಪಾಲು ಅಂತ ಠರಾವು ಆಗೂ ಹೊತ್ತಿಗೆ ನಮ್ಮನ್ನ ಯಾರೂ ಕೇಳೂದಿಲ್ಲ. ಎಲ್ಲಾ ಮುಗದ ಮ್ಯಾಲೆ ಪೇಪರಿನಾಗ ಓದ್ರಿ ಅಂತಾರ. ಇದು ನಡಿಬಾರದು.

ನಾವು ಮನಿ ಬಜೆಟ್ ಹೆಂಗ ಮಾಡ್ತೀವಿ ನೋಡ್ರಿ. ಪಗಾರ ಬಂದ ಕೂಡ್ಲೆ ಕಿರಾಣಿ, ಹಾಲು, ಕರೆಂಟ್ ಬಿಲ್, ಹುಡುಗರ ಫೀ, ಅತ್ತಿಯವರ ಬಿಪಿ ಗುಳಿಗಿ, ಭಿಶಿ ರೊಕ್ಕ, ಇಷ್ಟು ಮೊದಲು ತಗದಿಡ್ತೀವಿ. ಉಳದದ್ದರಾಗ ಕಿಟಕಿ ಪಡದೆ, ಸೋಫಾ ಕವರ್. ಗ್ಯಾಸ್ ತೀರಿ ಒಲಿ ಆರಿದ ದಿನ ಷೋಕೇಸ್ ಕೊಂಡು ತಂದ್ರ ನಮ್ಮನ್ನ ಯಾರರ ಶ್ಯಾಣ್ಯಾಕಿ ಅಂತಾರೇನು? ಅಂಗಳದಾಗ ನಿಂತು ನಗ್ತಾರ. ಊರಿನ ಮನಿ ನಡಸವರು ಅದನ್ನ ಮಾಡಿದ್ರ ಅದಕ್ಕ "ಸೌಂದರ್ಯೀಕರಣ" ಅಂತ ಹೆಸರಿಟ್ಟು ರಿಬ್ಬನ್ ಕತ್ತರಸ್ತಾರ.

ಈಗ ಪಾಲಿಕಿ ಬಜೆಟ್ ಹೆಂಗ ಆಗ್ತದ ಅಂತ ತಿಳ್ಕೊಳ್ಳೋಣ. ನಮ್ಮ ರಾಜ್ಯದಾಗ ಬೆಂಗಳೂರು ಬಿಟ್ಟು ಉಳದ ಮಹಾನಗರ ಪಾಲಿಕೆಗಳು 1976ರ ಕಾಯ್ದೆ ಪ್ರಕಾರ ನಡೀತಾವ. ಆಯುಕ್ತರ ಕಚೇರಿಯೊಳಗ ಮೊದಲು ಅಂದಾಜು ಪಟ್ಟಿ ತಯಾರ ಆಗ್ತದ. ಆಮ್ಯಾಲೆ ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿ ಅದನ್ನ ನೋಡತದ. ಸಮಿತಿ ಅಧ್ಯಕ್ಷರು ಸಾಮಾನ್ಯ ಸಭೆಯೊಳಗ ಮಂಡಿಸ್ತಾರ. ಸದಸ್ಯರು ಚರ್ಚಾ ಮಾಡಿ ಒಪ್ಪತಾರ. ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರ ತನಕ ಅದ ಲೆಕ್ಕ.

ಪೇಪರಿನಾಗ ಫೋಟೋ ಬರೂದು ಮಂಡಿಸೂ ದಿನದ್ದು. ಆದ್ರ ಆದ್ಯತಾ ಅಂತೀವಲ್ಲ, ಅದು ಅಂದಾಜು ಪಟ್ಟಿ ಬರಿಯೂ ಹೊತ್ತಿಗೇ ಮುಗದಿರ್ತದ. ಹೋದ ವರ್ಷ ಯಾವ ಬಾಬ್ತಿಗೆ ಎಷ್ಟಿತ್ತು ನೋಡೂದು, ಅದರ ಮ್ಯಾಲೆ ಒಂಚೂರು ಏರಸೂದು. ನಮ್ಮ ಓಣಿ ಗಟಾರ ಹೋದ ವರ್ಷದ ಪಟ್ಟಿಯೊಳಗ ಇರಲಿಲ್ಲ ಅಂದ್ರ ಈ ವರ್ಷ ತಾನಾಗೇ ಬರೂದಿಲ್ಲ. ಯಾರರ ತಂದು ಸೇರಸಬೇಕು. ಸೇರಸವರು ಯಾರು? ಒಳಗ ಓಡಾಡಿ ಗೊತ್ತಿದ್ದವರು.

ಇನ್ನೊಂದು ಮಾತು ತಿಳ್ಕೋಬೇಕು. ಬಜೆಟ್ಟಿನ್ಯಾಗ ಕೋಟಿ ಕೋಟಿ ಕಂಡ್ರೂ, ಮನಸ್ಸಿಗೆ ಬಂದಂಗ ಖರ್ಚು ಮಾಡೂ ರೊಕ್ಕ ಸಣ್ಣದು. ಪಗಾರ, ಪಂಪ್ ಮತ್ತು ಬೀದಿದೀಪದ ಕರೆಂಟ್ ಬಿಲ್, ಕಸದ ಗಾಡಿ, ಗುತ್ತಿಗೆದಾರರ ಹಳೇ ಬಾಕಿ, ಇವು ಮೊದಲ ಹೋಗ್ತಾವ. ಕೇಂದ್ರದಿಂದ ಬರೂ ಅನುದಾನಕ್ಕೂ ಕಟ್ಟುಪಾಡು ಅದ. 15ನೇ ಹಣಕಾಸು ಆಯೋಗ 2021ರಿಂದ 2026ರ ತನಕ ಹತ್ತು ಲಕ್ಷಕ್ಕಿಂತ ಕಡಿಮಿ ಮಂದಿ ಇರೂ ಊರುಗಳಿಗೆ ಕೊಟ್ಟದ್ದರಾಗ ನೂರಕ್ಕ 60 ಪಾಲು ಕುಡಿಯೂ ನೀರಿಗೆ ಮತ್ತು ನೈರ್ಮಲ್ಯಕ್ಕ ಅಂತ ಗೊತ್ತುಮಾಡಿತ್ತು. ಪಾಲಿಕಿಯ ಸ್ವಂತ ಉತ್ಪನ್ನದಾಗ 24.10% ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25% ಉಳದ ಬಡವರಿಗೆ, 5% ಅಂಗವಿಕಲರಿಗೆ ತಗದಿಡಬೇಕು. ಇವೆಲ್ಲಾ ಒಳ್ಳೇ ನಿಯಮಾನ. ಕಟ್ಟುಪಾಡು ಹಾಕಿದ್ದರಿಂದನ ಅಷ್ಟರ ರೊಕ್ಕ ಹೊಂಟದ. ಹಿಂಗ ಎಲ್ಲಾ ಕಳದು ಉಳಿಯೂ ರೊಕ್ಕ ಸ್ವಲ್ಪ ಇರೂದರಿಂದನ ಯಾವುದು ಮೊದಲು ಅನ್ನೂ ಪ್ರಶ್ನೆ ದೊಡ್ಡದು. ಅತ್ತಿಯವರ ಗುಳಿಗಿ ಮೊದಲೋ ಷೋಕೇಸ್ ಮೊದಲೋ ಅನ್ನೂ ಜಗಳ ಬಡವರ ಮನಿಯಾಗ ಜಾಸ್ತಿ.

ನಮ್ಮ ಓಣಿ ಸುದ್ದಿ ನಿಮಗೆಲ್ಲಾ ಗೊತ್ತದ. ಪೇವರ್ಸ್ ಎರಡು ಸಲ ಕಿತ್ತು ಎರಡು ಸಲ ಹಾಕಿದ್ರು. ಪಕ್ಕದ ಗಟಾರಕ್ಕ ಮಾತ್ರ ಇವತ್ತಿಗೂ ಮ್ಯಾಲೆ ಹಾಸುಗಲ್ಲಿಲ್ಲ. ಮಳಿಗಾಲದಾಗ ನೀರು ತುಂಬಿದ್ರ ರಸ್ತೆ ಯಾವುದು ಗಟಾರ ಯಾವುದು ತಿಳಿಯೂದಿಲ್ಲ. ಎದುರಿನ ಮನಿ ಅಜ್ಜಿ ಕಾಲು ಜಾರಿ ಬಿದ್ದು ಸೊಂಟದ ಎಲುವು ಮುರಕೊಂಡು ಹಾಸಗಿ ಹಿಡದ್ರು. ಅಜ್ಜಿ ದವಾಖಾನಿ ಖರ್ಚಿನಾಗ ಓಣಿ ತುಂಬ ಹಾಸುಗಲ್ಲು ಹಾಕಬಹುದಿತ್ತು. ಆದ್ರ ಆ ಖರ್ಚು ಪಾಲಿಕಿ ಲೆಕ್ಕದಾಗ ಬರೂದಿಲ್ಲ, ಅಜ್ಜಿ ಮಗನ ಸಾಲದ ಲೆಕ್ಕದಾಗ ಬರತದ. ಪಾಲಿಕಿ ಉಳಿಸಿದ ರೊಕ್ಕ ಅಂದ್ರ ಎಷ್ಟೋ ಸಲ ನಮ್ಮ ಮನಿಯಿಂದ ಹೋದ ರೊಕ್ಕಾನ. ಟ್ಯಾಂಕರ್ ನೀರು, ಸೊಳ್ಳಿ ಬತ್ತಿ, ಡೆಂಗಿ ಜ್ವರದ ರಕ್ತ ಪರೀಕ್ಷಾ, ಇವನ್ನೆಲ್ಲಾ ಯಾವ ತಲಿಬರಹದಾಗ ಬರೀತಾರ?

ಮಾರ್ಕೆಟ್ಟಿನ ಮಾತಿಗೆ ಬರ್ತೀನಿ. ನಮಗ ಮೆಂತೆ, ಕೊತಂಬರಿ ಕೊಡೂ ಹೆಣ್ಣುಮಕ್ಕಳು ನಸುಕಿನ್ಯಾಗ ಹಳ್ಳಿಯಿಂದ ಬುಟ್ಟಿ ಹೊತ್ತು ಬಸ್ಸಿಗೆ ಬರ್ತಾರ. ಸಂಜಿತನಕ ಕೂಡ್ತಾರ. ಬಿಸಲಾಗ ಕೂತ್ರೂ ನೀರು ಕುಡಿಯೂದಿಲ್ಲ. ಯಾಕಂತ ಕೇಳಿದ್ರ, "ಕುಡದು ಎಲ್ಲಿ ಹೋಗೂದ್ರಿ ಅಕ್ಕಾ?" ಅಂತಾರ. ಕೂತ ಜಾಗಕ್ಕ ದಿನಾ ಜಕಾತಿ ಚೀಟಿ ಹರಸ್ತಾರ. ಆ ರೊಕ್ಕ ಜಮಾ ಪಟ್ಟಿಯೊಳಗ ಬರತದ, ಅವರ ಸಂಡಾಸ ಖರ್ಚಿನ ಪಟ್ಟಿಯೊಳಗ ಬರೂದಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ನನಗ ಕಾಣಸೂದಿಲ್ಲ.

"ಬಜೆಟ್ ಪೂರ್ವಭಾವಿ ಸಭೆ ಕರೀತಾರಲ್ಲ, ಬಂದು ಹೇಳಬೇಕಿತ್ತು" ಅಂತಾರ. ಕರೀತಾರ ಖರೇ. ಪೇಪರಿನ ಮೂಲ್ಯಾಗ ನಾಲ್ಕು ಸಾಲಿನ ಪ್ರಕಟಣೆ, ಕೆಲಸದ ದಿನ ಮುಂಜಾನೆ ಹನ್ನೊಂದು ಗಂಟೆಗೆ, ಪಾಲಿಕಿ ಸಭಾಂಗಣದಾಗ. ಹನ್ನೊಂದಕ್ಕ ನಾವು ಎಲ್ಲಿರ್ತೀವಿ? ನಳಾ ಬಂದಿದ್ರ ಕೊಡಪಾನದ ಮುಂದ, ಬರದಿದ್ರ ರೊಟ್ಟಿ ಹಂಚಿನ ಮುಂದ. ಕಾಯಿಪಲ್ಲೆ ಮಾರವರು ಬುಟ್ಟಿ ಬಿಟ್ಟು ಬರಲಿಕ್ಕಾಗ್ತದೇನು? ಸಭೆಗೆ ಹೋಗೂದು ಅಂಗಡಿ ಮಾಲೀಕರ ಸಂಘದವರು, ಬಡಾವಣಿ ಸಂಘದ ರಿಟೈರ್ ಆದ ಹಿರಿಯರು. ಅವರು ಕೇಳಿದ್ದು ತಪ್ಪಲ್ಲ, ಪಾರ್ಕಿಂಗ್ ಬೇಕು, ವಾಕಿಂಗ್ ಟ್ರ್ಯಾಕ್ ಬೇಕು. ಆದ್ರ ಅಷ್ಟನ್ನ "ಸಾರ್ವಜನಿಕರ ಅಭಿಪ್ರಾಯ" ಅಂತ ಬರಕೊಂಡ್ರ ನಾವು ಸಾರ್ವಜನಿಕರಲ್ಲೇನು?

"ಕಾರ್ಪೊರೇಟರ್ ಇದ್ದಾರಲ್ಲ, ಅರ್ಧ ಸೀಟು ಹೆಣ್ಣುಮಕ್ಕಳಿಗೇ ಅದಾವಲ್ಲ" ಅನ್ನವರೂ ಇದ್ದಾರ. ಮೀಸಲಾತಿ ಬಂದದ್ದು ಭಾಳ ಛಲೋ ಆತು. ಗಟ್ಟಿಯಾಗಿ ನಿಂತು ಮಾತಾಡೂ ಹೆಣ್ಣುಮಕ್ಕಳನ್ನ ನಾನೂ ನೋಡೀನಿ. ಆದ್ರ ಫೋನ್ ಹಚ್ಚಿದ್ರ "ಅವರು ಒಳಗಿದ್ದಾರ, ನನಗ ಹೇಳ್ರಿ" ಅನ್ನೂ ಯಜಮಾನರೂ ಕಮ್ಮಿ ಇಲ್ಲ. ಮತ್ತ ಒಬ್ಬಾಕಿ ಸದಸ್ಯೆ ಬೆನ್ನಿಗೆ ಓಣಿ ನಿಂತಿಲ್ಲಂದ್ರ ಆಕಿ ಮಾತು ಸಭೆಯಾಗ ಎಷ್ಟು ನಡೀತದ? ಇನ್ನ ಸದಸ್ಯರೇ ಇಲ್ಲಂದ್ರ ಕೇಳೂದ ಬ್ಯಾಡ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಾಗ ಮುಗೀತು. ಆಮ್ಯಾಲೆ ವರ್ಷಾನುಗಟ್ಟಲೆ ಚುನಾವಣಿ ಆಗಲಿಲ್ಲ, ಅಷ್ಟು ದೊಡ್ಡ ಊರಿನ ಬಜೆಟ್ ಚುನಾಯಿತರ ಕೈ ಹಾಯದೇ ಹೋತು.

ಕಾಯ್ದೆದಾಗ ಇದಕ್ಕ ದಾರಿ ಇಲ್ಲೇನು? ಅದ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಾಗ್ಯದ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಮಂದಿ ಇರೂ ಊರಾಗ ವಾರ್ಡ್ ಸಮಿತಿ ಇರಬೇಕು ಅಂತ ಅದರಾಗ ಬರದದ. ನಮ್ಮ ರಾಜ್ಯದ ಕಾಯ್ದೆಯೊಳಗ ಒಂದೊಂದು ವಾರ್ಡ್ ಸಮಿತಿಗೆ ಹತ್ತು ಮಂದಿ ಸದಸ್ಯರು, ಅವರಾಗ ಕನಿಷ್ಠ ಮೂರು ಮಂದಿ ಹೆಣ್ಣುಮಕ್ಕಳು ಇರಬೇಕು. ತಿಂಗಳಿಗೊಮ್ಮೆ ಸಭೆ ಸೇರಬೇಕು. ನಿಮ್ಮ ವಾರ್ಡಿನ ಸಮಿತಿಯೊಳಗ ಯಾರಿದ್ದಾರ ಹೇಳ್ರಿ ನೋಡೋಣ. ಸಮಿತಿ ಅಂತ ಒಂದು ಇರತದ ಅಂತನ ನಮ್ಮ ಭಿಶಿ ಗುಂಪಿನಾಗ ಯಾರಿಗೂ ಗೊತ್ತಿರಲಿಲ್ಲ.

"ನೀವು ಹೆಂಗಸರು ಗಟಾರ, ನಳಾ ಅಂತ ಸಣ್ಣ ಸಣ್ಣದು ಕೇಳ್ತೀರಿ, ಊರು ಬೆಳಿಬೇಕಂದ್ರ ದೊಡ್ಡ ವಿಚಾರ ಬೇಕು" ಅಂತ ಒಬ್ಬರು ನನಗ ಮುಖಕ್ಕ ಮುಖ ಕೊಟ್ಟು ಹೇಳಿದ್ರು. ಅವರಿಗೆ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ಅನ್ನೂ ಊರಿನ ಕಥಿ ಹೇಳಬೇಕು. ಅಲ್ಲಿ 1989ರಾಗ ಓಣಿ ಮಂದಿನ್ನ ಕೂಡಿಸಿ ಬಜೆಟ್ ಮಾಡೂದು ಶುರು ಮಾಡಿದ್ರು. ಬಡ ಓಣಿಯವರು ಏನು ಕೇಳಿದ್ರು? ನೀರು, ಒಳಚರಂಡಿ, ರಸ್ತೆ. ನಮ್ಮಂಗನ! ರೊಕ್ಕ ಹಂಚಲಿಕ್ಕೂ ಲೆಕ್ಕ ಇತ್ತು. ಎಲ್ಲಿ ಮಂದಿ ಹೆಚ್ಚು, ಎಲ್ಲಿ ಸೌಕರ್ಯ ಕಡಿಮಿ, ಆ ಭಾಗದವರು ಯಾವುದನ್ನ ಮೊದಲು ಅಂದ್ರು, ಈ ಮೂರಕ್ಕ ಅಂಕ ಕೊಟ್ಟು ಹಂಚತಿದ್ರು. 1988ರಾಗ ನೂರಕ್ಕ 75 ಮನಿಗೆ ಇದ್ದ ನೀರು, ಒಳಚರಂಡಿ ಸಂಪರ್ಕ 1997ರ ಹೊತ್ತಿಗೆ 98 ಮನಿಗೆ ಮುಟ್ಟಿತು ಅಂತ ಲೆಕ್ಕ ಅದ. ಮುಂದ ಆಳವರು ಬದಲಾದಂಗ ಆ ಪದ್ಧತಿ ಸೊರಗಿತು. ಮಂದಿ ಬೆನ್ನು ಹತ್ತೂದು ಬಿಟ್ರ ಎಲ್ಲಾ ಕಡೆ ಅಷ್ಟ.

ಅಷ್ಟು ದೂರ ಯಾಕ, ಬಾಜೂ ಕೇರಳ ನೋಡ್ರಿ. 1996ರಾಗ ಜನಕೀಯ ಯೋಜನಾ ಅಂತ ಶುರು ಮಾಡಿ, ರಾಜ್ಯದ ಯೋಜನಾ ರೊಕ್ಕದಾಗ ನೂರಕ್ಕ 35ರಿಂದ 40 ಪಾಲು ಪಂಚಾಯಿತಿ, ನಗರಸಭೆಗಳಿಗೆ ಬಿಟ್ಟರು. ಅದರಾಗ ನೂರಕ್ಕ ಹತ್ತು ಹೆಣ್ಣುಮಕ್ಕಳ ಕೆಲಸಕ್ಕ ಅಂತ ತಗದಿಟ್ಟರು. ಕೇಳಿದ್ರ ಕೊಡ್ತೀವಿ ಅನ್ನಲಿಲ್ಲ, ಮೊದಲ ತಗದಿಟ್ಟರು. ಕಿರಾಣಿ ರೊಕ್ಕ ನಾವು ತಗದಿಡ್ತೀವಲ್ಲ, ಹಂಗ.

ಕಡೀ ಮಾತು, "ರೊಕ್ಕ ಇಲ್ಲ" ಅನ್ನೂದು. ಬಜೆಟ್ ಪುಸ್ತಕದಾಗ ಬಾಬ್ತಿಗೊಂದು ಸಾಲು, ಸಾಲಿನ ಮುಂದ ಬ್ಯಾರೆ ಬ್ಯಾರೆ ಅಂಕಣ ಇರ್ತಾವ. ಮುಂದಿನ ವರ್ಷದ ಅಂದಾಜು ಒಂದು, ಈ ವರ್ಷದ ಪರಿಷ್ಕೃತ ಅಂದಾಜು ಒಂದು, ಹಿಂದಿನ ವರ್ಷ ಖರೇ ಖರ್ಚಾದದ್ದು ಒಂದು. ಭಾಷಣದಾಗ ಓದೂದು ಮುಂದಿನ ವರ್ಷದ್ದು. ನಾವು ನೋಡಬೇಕಾದ್ದು ಖರ್ಚಾದದ್ದು. ಮಹಿಳಾ ಶೌಚಾಲಯ ಅಂತ ಬರದು ಹಿಂದಿನ ವರ್ಷದ ಖರ್ಚಿನ ಅಂಕಣದಾಗ ಸೊನ್ನಿ ಇದ್ರ, ಈ ವರ್ಷ ಎಷ್ಟು ಲಕ್ಷ ಬರದ್ರೂ ಅದು ಗ್ವಾಡಿ ಮ್ಯಾಲೆ ಬರದ ಹೋಳಿಗಿ. ಹೊಟ್ಟಿ ತುಂಬೂದಿಲ್ಲ.

ಅದಕ್ಕ ನಾವು ಕೇಳಬೇಕಾದ್ದು ಇಷ್ಟು. ಅಂದಾಜು ಪಟ್ಟಿ ಬರಿಯೂಕಿಂತ ಮೊದಲು, ನವೆಂಬರ್-ಡಿಸೆಂಬರಿನಾಗ, ಸಭೆ ವಾರ್ಡಿನ್ಯಾಗನ ಆಗಬೇಕು. ಮಧ್ಯಾಹ್ನ ಮೂರರ ಮ್ಯಾಲೆ, ಸಾಲಿಯೊಳಗರ ಸಮುದಾಯ ಭವನದಾಗರ ಇಡ್ರಿ. ಓಣಿ ಹೇಳಿದ ಕೆಲಸಗಳನ್ನ ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಎಲ್ಲಾರಿಗೂ ಕಾಣೂವಂಗ ಹಚ್ಚರಿ. ವರ್ಷದ ಕೊನಿಗೆ ಅದ ಪಟ್ಟಿ ಮುಂದ ಯಾವುದು ಆತು, ಯಾವುದು ಆಗಲಿಲ್ಲ, ಎಷ್ಟು ಖರ್ಚಾತು ಬರೀರಿ. ವಾರ್ಡಿಗಿಷ್ಟು ಅಂತ ಸಮಪಾಲು ಮಾಡಬ್ಯಾಡ್ರಿ. ಮನಿಯಾಗ ನಾಲ್ಕು ಮಂದಿ ಇದ್ದಾಗ ಜ್ವರ ಬಂದ ಕೂಸಿಗೆ ಮೊದಲು ಹಾಲು ಕೊಡೂದಿಲ್ಲೇನು?

ಮುಂದಿನ ಭಿಶಿಗೆ ಬರೂವಾಗ ಪ್ರತಿಯೊಬ್ಬರೂ ನಿಮ್ಮ ನಿಮ್ಮ ಓಣಿಯ ಮೂರು ಕೆಲಸ ಬರಕೊಂಡು ಬರ್ರಿ, ಮೂರ ಸಾಕು. ಕೂತು ನಂಬರ್ ಹಾಕೋಣ. ಎರಡು ಪ್ರತಿ ಮಾಡಿ, ಒಂದು ಕೊಟ್ಟು ಇನ್ನೊಂದರ ಮ್ಯಾಲೆ ಸಿಕ್ಕಾ ಮತ್ತು ಆವಕ ನಂಬರ್ ಹಾಕಿಸಿಕೊಂಡು ಬರೋಣ. ಜತಿಗೆ ಮಾಹಿತಿ ಹಕ್ಕಿನಾಗ ಇನ್ನೊಂದು ಅರ್ಜಿ, ನಮ್ಮ ವಾರ್ಡಿಗೆ ಹೋದ ವರ್ಷ ಖರೇ ಖರ್ಚಾದದ್ದೆಷ್ಟು ಅಂತ. ಹತ್ತು ರೂಪಾಯಿ ಫೀ, ಬಿಪಿಎಲ್ ಕಾರ್ಡಿದ್ರ ಅದೂ ಇಲ್ಲ. 30 ದಿನದಾಗ ಉತ್ತರ ಕೊಡಬೇಕು. ಕೊತಂಬರಿ ಸೂಡಿಗೆ ಎರಡು ರೂಪಾಯಿ ಹೆಚ್ಚಾದ್ರ ನಾವು ಕೇಳದೇ ಬಿಡೂದಿಲ್ಲ. ಏಪ್ರಿಲ್‌ದಾಗ ಕಟ್ಟಿದ್ರ 5% ರಿಯಾಯಿತಿ ಸಿಗತದ ಅಂತ ಓಡಿಹೋಗಿ ಆಸ್ತಿ ತೆರಿಗಿ ಕಟ್ಟವರೂ ನಾವ. ಆ ರೊಕ್ಕ ಎಲ್ಲಿ ಹೋತು ಅಂತ ಕೇಳಲಿಕ್ಕೆ ಯಾರ ಅಪ್ಪಣಿ ಬೇಕು?