ದರ್ಜೆ ಬಾಗಿಲಿಗೆ ಬರಲಿ
2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು, 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಲ್ಯಾಬ್ ಹೇಳಿದ ಮೇಲೆ. ಬಣ್ಣವೇನೋ ಲ್ಯಾಬಿನಲ್ಲಿ ಸಿಕ್ಕಿಬೀಳುತ್ತದೆ. ಹೋಟೆಲ್ ಅಡುಗೆಮನೆಯ ಬಹುಪಾಲು ತಪ್ಪುಗಳು ಒಲೆಯ ಪಕ್ಕ ನಿಂತರಷ್ಟೇ ಕಾಣುವಂಥವು. ಮರುವರ್ಷ ಗುಲ್ಲೆಬ್ಬಿಸಿದ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಹಾಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನೇ ನೋಡಿ: ಬಟ್ಟೆಯಾದರೆ ಒಬ್ಬೆ ಒಬ್ಬೆಗೂ ಜಾಲಿಸಿ ಹಿಂಡಬೇಕು, ಹಾಳೆಯನ್ನು ಎಸೆದರಾಯಿತು. ದುರಾಸೆಗಿಂತ ಆಳುಗಳ ಅಭಾವವೇ ಇಲ್ಲಿ ಹೆಚ್ಚು. ಇಂಥದ್ದು ಕಾಣಬೇಕಾದರೆ ಅಡುಗೆಮನೆಯ ತಪಾಸಣೆಯೇ ಆಗಬೇಕು. ತಪಾಸಣೆ ಹೆಚ್ಚಿದರೆ ಮಾಮೂಲಿಯೂ ಹೆಚ್ಚುತ್ತದೆ, ಸಣ್ಣ ಹೋಟೆಲಿನವರೇ ಬಲಿಯಾಗುತ್ತಾರೆ ಎಂಬ ಆಕ್ಷೇಪ ಸುಳ್ಳೇನಲ್ಲ. ಅದಕ್ಕೇ ತಪಾಸಣೆಯ ವರದಿ ಕಡತದಲ್ಲಿ ಕೂರಬಾರದು. ನ್ಯೂಯಾರ್ಕ್ 2010ರಿಂದ ಮಾಡುತ್ತಿರುವಂತೆ ಹೋಟೆಲಿನ ನೈರ್ಮಲ್ಯದ ದರ್ಜೆಯನ್ನು ಗಿರಾಕಿಗೆ ಕಾಣುವಂತೆ ಅಂಟಿಸಬೇಕು. ಗುಟ್ಟಿದ್ದಲ್ಲಿ ತಾನೇ ಮಾಮೂಲಿಗೆ ಬೆಲೆ? ನಮ್ಮಲ್ಲೂ ಎಫ್‌ಎಸ್‌ಎಸ್‌ಎಐನ ನೈರ್ಮಲ್ಯ ರೇಟಿಂಗ್ ಇದೆ, ಆದರೆ ಐಚ್ಛಿಕ. ಅದಕ್ಕೆ ಮುಂದೆ ಬರುವವರು ಹೇಗೂ ಚೊಕ್ಕಟವಾಗಿರುವವರೇ.